ಕ್ಯಾಪ್ಟನ್‌ನನ್ನು ಕೈಬಿಡಿ ಅಂದೆ

ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿರುವ ನನ್ನ ಕ್ಲಿನಿಕ್ಕಿಗೆ ಒಂದು ದಿನ ಮೆಲ್ಬರ್ನಿನ ದಂಪತಿ ಬಂದರು, ಗ್ರೆಗ್ ಮತ್ತು ಜೂಡಿ. ಗ್ರೆಗ್‌ಗೆ ತಲೆನೋವು. ನೋಡಿದರೆ ಬೀಪಿ ಜಾಸ್ತಿ ಇತ್ತು. “ಏನಾದರೂ ಟೆನ್ಷನ್ ಇದೆಯಾ?” ಎಂದು ಕೇಳಿದೆ.

“ಬೆಳಿಗ್ಗೆ ನಮ್ಮ ಮೆಚ್ಚಿನ ಕ್ಲಬ್ಬಿನ ಟೀಮ್ ಪ್ರಕಟ ಆಯ್ತು ಡಾಕ್ಟರ್. ಇಷ್ಟು ವರ್ಷ ಆಡಿದವನನ್ನೇ ಕೈಬಿಟ್ಟಿದ್ದಾರೆ!”

ಅವರದು ಮೊಟ್ಟೆಯಾಕಾರದ ಚೆಂಡಿನ ಆಸ್ಟ್ರೇಲಿಯನ್ ಫುಟ್‌ಬಾಲ್. ನನಗೆ ಅದರ ಗಂಧಗಾಳಿಯೂ ಇಲ್ಲ.

“ಬಿಟ್ಟದ್ದೇ ಸರಿ. ಅವನಿಗೆ ಈಗ ಓಡಲಿಕ್ಕೇ ಆಗುವುದಿಲ್ಲ,” ಎಂದರು ಜೂಡಿ.

“ಅವನ ಜಾಗಕ್ಕೆ ಬಂದವನಿಗೆ ಚೆಂಡು ಹಿಡಿಯಲಿಕ್ಕೇ ಬರುವುದಿಲ್ಲ!” ಗ್ರೆಗ್ ಎದ್ದೇಬಿಟ್ಟರು. ತೋಳಿಗೆ ಸುತ್ತಿದ್ದ ಪಟ್ಟಿಯ ಜೊತೆ ಬೀಪಿ ಮಷೀನೂ ಮೇಜಿನಿಂದ ಎದ್ದು ಬಂತು.

ನಮ್ಮ ನರ್ಸ್ ಸೆಲ್ವಿ ಅದನ್ನು ಹಿಡಿದುಕೊಂಡು, “ಡಾಕ್ಟರ್, ಏನಾದ್ರೂ ಮಾಡಿ ಲಾ,” ಅಂದಳು, ಇಲ್ಲಿಯವರ ರೂಢಿಯಂತೆ ಕೊನೆಗೊಂದು ‘ಲಾ’ ಸೇರಿಸಿ.

ಉಡುಪಿಯಲ್ಲಿ ಗೆಳೆಯರ ಕ್ರಿಕೆಟ್ ಜಗಳ ಬಿಡಿಸಿದ ಧೈರ್ಯದಲ್ಲಿ ನಾನು ಬಾಯಿ ಹಾಕಿದೆ. “ಇಬ್ಬರೂ ಆಡಲಿ ಬಿಡಿ. ಬೇಕಾದರೆ ಕ್ಯಾಪ್ಟನ್‌ನನ್ನು ಕೈಬಿಡಲಿ.”

“ಕ್ಯಾಪ್ಟನ್‌ನನ್ನಾ?” ಇಬ್ಬರೂ ಒಟ್ಟಿಗೇ ನನ್ನತ್ತ ತಿರುಗಿದರು.

ಆಮೇಲೆ ನನಗೆ ಸರಿಯಾಗಿ ಪಾಠವಾಯಿತು. ಜೂಡಿ ಶುರು ಮಾಡಿದ ಮಾತನ್ನು ಗ್ರೆಗ್ ಮುಗಿಸುತ್ತಿದ್ದರು. ಕ್ಯಾಪ್ಟನ್ ಮುರಿದ ಬೆರಳಲ್ಲೇ ಪಂದ್ಯ ಗೆಲ್ಲಿಸಿದ ಕಥೆ ಬರುವಷ್ಟರಲ್ಲಿ ಜೂಡಿ ಗಂಡನ ಕೈ ಹಿಡಿದುಕೊಂಡು ಕೂತಿದ್ದರು. ಇಬ್ಬರೂ ಸುಮ್ಮನಾದ ಮೇಲೆ ಸೆಲ್ವಿ ಮತ್ತೊಮ್ಮೆ ಬೀಪಿ ನೋಡಿದಳು. ನಾರ್ಮಲ್!

ನಾನು ಮಾತ್ರೆ ಬರೆಯಲಿಲ್ಲ. ಮುಂದಿನ ವಾರ ಇನ್ನೊಮ್ಮೆ ಬಂದು ತೋರಿಸಿ ಎಂದೆ.

“ಬರುತ್ತೇವೆ,” ಎಂದರು ಜೂಡಿ ಬಾಗಿಲಲ್ಲಿ ನಿಂತು. “ಆದರೆ ಡಾಕ್ಟರ್, ನೀವು ದಯವಿಟ್ಟು ಬೀಪಿ ಮಾತ್ರ ನೋಡಿ.”