ಮಾದಪ್ಪನವರು ಹೊಸ ವರ್ಷನ್ನಿಗೆ ಬಂದದ್ದು

ಕಂಪ್ಯೂಟರಿನ ಮುಂದೆ ಕೂತು ದುಡಿಯುವವರನ್ನು ಗಮನಿಸಿದ್ದೀರಾ? 'ಹೊಸ ವರ್ಷನ್ ಬಂದಿದೆ, ಬದಲಾಯಿಸಲೇ?' ಎಂದು ಪರದೆಯ ಮೂಲೆಯಲ್ಲಿ ಒಂದು ಸಣ್ಣ ಚೌಕ ಕಾಣಿಸಿಕೊಂಡರೆ ಸಾಕು, ಬಾಗಿಲಿಗೆ ಚಂದಾ ಕೇಳುವವರು ಬಂದ ಹಾಗೆ ಮುಖ ಮಾಡುತ್ತಾರೆ. 'ಆಮೇಲೆ' ಎಂದು ಒತ್ತಿ ಸಾಗಹಾಕುತ್ತಾರೆ. ನಾನೂ ಆ ಪೈಕಿಯವಳೇ. ನಂಜನಗೂಡಿನ ಒಂದು ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಕಟ್ಟಡಗಳ ನಕ್ಷೆ ಮಾಡುವ ನನಗೆ ಸಾಫ್ಟ್‌ವೇರ್ ಅಂದರೆ ಕಾಲಿಗೆ ಒಗ್ಗಿದ ಚಪ್ಪಲಿಯಂತೆ. ಸವೆದಿದೆ ಎಂದು ಬೇರೆ ಯಾರಾದರೂ ಹೇಳಬೇಕು.

ಇಂಥ ನಾನೇ ಈಚೆಗೆ ಇನ್ನೊಬ್ಬರನ್ನು ಹೊಸ ವರ್ಷನ್ನಿಗೆ ಒಪ್ಪಿಸಲು ಬಸ್ಸು ಹತ್ತಿ ಹೋದೆ.

ಟಿ. ನರಸೀಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಒಂದರ ಕೆಲಸ ನಮಗೆ ಸಿಕ್ಕಿತ್ತು. ನಾವು ಎಂದರೆ ಮೂವರು. ಗೋಡೆ, ಕೋಣೆ, ಕಿಟಕಿ ನನ್ನವು. ಕಂಬ, ತೊಲೆಗಳು ನರಸೀಪುರದ ಎಂಜಿನಿಯರ್ ಮಾದಪ್ಪನವರವು. ನೀರಿನ ಪೈಪುಗಳು ಮೈಸೂರಿನ ರಿಹಾನಾಳವು. ಈಗ ಇಡೀ ಕಟ್ಟಡವನ್ನು ಮೊದಲು ಕಂಪ್ಯೂಟರಿನಲ್ಲೇ ಕಟ್ಟಿ, ಆ ಮಾಡೆಲ್ಲನ್ನು ಕ್ಲೌಡಿನಲ್ಲಿ ಇಡುತ್ತೇವೆ. ಅವರವರ ಊರಲ್ಲೇ ಕೂತು ಎಲ್ಲರೂ ಒಂದೇ ಕಟ್ಟಡದೊಳಗೆ ಓಡಾಡಬಹುದು. ಕ್ಲೌಡ್ ಎಂದರೆ ಮೋಡ. ನಮ್ಮ ಕಡೆ ಭತ್ತದ ಕೊಯ್ಲಿನಲ್ಲಿ ಮೋಡ ಕಂಡರೆ ಜನ ಟಾರ್ಪಾಲು ಹಿಡಿದು ಕಣಕ್ಕೆ ಓಡುತ್ತಾರೆ. ನಾವು ಅದರೊಳಗೇ ಹಾಸ್ಟೆಲ್ ಕಟ್ಟಿಕೊಂಡು ನಿಶ್ಚಿಂತೆಯಿಂದಿದ್ದೆವು.

ತೊಡಕು ಬಂದದ್ದು, ಪೈಪಿನ ಕೆಲಸ ಶುರುವಾಗುವ ಮೊದಲೇ ರಿಹಾನಾಳ ಕಂಪ್ಯೂಟರ್ ಕೆಟ್ಟಾಗ. ಅವಳು ಕೊಂಡ ಹೊಸ ಕಂಪ್ಯೂಟರಿನಲ್ಲಿ ಸಾಫ್ಟ್‌ವೇರಿನ ಹೊಸ ವರ್ಷನ್ನೇ ಇತ್ತು. ಹೊಸದರಲ್ಲಿ ಮಾಡಿದ್ದು ನಮ್ಮ ಹಳೆಯದರಲ್ಲಿ ತೆರೆಯುವುದಿಲ್ಲ. ಅವಳು ಪೈಪುಗಳ ಚಿತ್ರ ತೆಗೆದು ವಾಟ್ಸಾಪಿನಲ್ಲಿ ಕಳಿಸುವುದು, ನಾವು ಕಣ್ಣಳತೆಯಲ್ಲಿ 'ಸರಿಯಿರಬಹುದು' ಎನ್ನುವುದು, ಹೀಗೆ ನಡೆಯಿತು. 'ಅಕ್ಕಾ, ಎಲ್ಲೋ ಏನೋ ತಾಗ್ತಿದೆ ಅನ್ನಿಸ್ತಿದೆ, ಒಟ್ಟಿಗೆ ನೋಡ್ದೆ ಹೇಳಕ್ಕಾಗಲ್ಲ' ಎಂದು ಅವಳು ದಿನಾ ಹೇಳುತ್ತಿದ್ದಳು. ಅತ್ತ ಕಂಟ್ರಾಕ್ಟರು ಮೊದಲ ಮಹಡಿಯ ಸೆಂಟ್ರಿಂಗ್ ಹಲಗೆ ಹೊಡೆಸಿ, ಸೋಮವಾರ ಕಾಂಕ್ರೀಟ್ ಸುರಿಯುತ್ತೇನೆಂದು ಕೂತಿದ್ದ. ಸುರಿದ ಮೇಲೆ ಏನು ತಾಗಿದರೂ ಒಡೆದೇ ಸರಿಮಾಡಬೇಕು.

ಮಾಡೆಲ್ಲನ್ನೇ ಹೊಸ ವರ್ಷನ್ನಿಗೆ ಏರಿಸುವುದೊಂದೇ ದಾರಿ. ಅದಕ್ಕೆ ಮಾದಪ್ಪನವರು ತಮ್ಮ ಕೆಲಸವನ್ನೆಲ್ಲ ಕ್ಲೌಡಿಗೆ ಸೇರಿಸಿ, ಮಾಡೆಲ್ಲಿನಿಂದ ಹೊರಗೆ ಬರಬೇಕು. ಅವರು ಬರಲೊಲ್ಲರು.

'ನೋಡವ್ವಾ, ನಮ್ ತೊಲೆ ಈಗ್ಲೇ ಗಟ್ಯಾಗವೆ. ಒಸ ವರ್ಷನ್ ಬಂದ್ರೆ ಇನ್ನೂ ಗಟ್ಯಾಯ್ತವಾ?' ಎಂದರು ಫೋನಿನಲ್ಲಿ. 'ಒಂದ್ಸಲ ಅಲ್ಲಿಗೆ ಓದ್ರೆ ವಾಪಸ್ ಬರಾಕಾಯ್ತದಾ?'

'ಇಲ್ಲ ಸಾರ್.'

'ಮತ್ತೆ? ವಾಪಸ್ ಬರಾಕಾಗ್ದಿರೋ ಜಾಗಕ್ಕೆ ನಾನ್ಯಾಕವ್ವಾ ಓಗ್ಲಿ?'

ಅವರದು ಬರೀ ಹಟವಲ್ಲ. ಹಿಂದೊಮ್ಮೆ ಬೇರೆಯವರ ಮಾತು ಕೇಳಿ ವರ್ಷನ್ ಬದಲಾಯಿಸಿ, ಕಂಬಗಳ ಅಳತೆಯೆಲ್ಲ ಅಸ್ತವ್ಯಸ್ತವಾಗಿ, ಕೆಲಸ ಮೊದಲಿಂದ ಮಾಡಿದ್ದರಂತೆ. ಆ ನೋವು ಫೋನಿನಲ್ಲಿ ಹೋಗುವಂಥದ್ದಲ್ಲ. ಶನಿವಾರ ಬೆಳಗ್ಗೆ ಲ್ಯಾಪ್‌ಟಾಪ್ ಹೆಗಲಿಗೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದೆ.

ಮಾದಪ್ಪನವರು ಮಜ್ಜಿಗೆ ಕೊಟ್ಟು ಉಪಚರಿಸಿದರು. ಉಪಚಾರ ಮುಗಿದದ್ದೇ, 'ಅಲ್ಲಾ, ಸೋಮನಾಥಪುರದ ಗುಡಿ ಕಟ್ದೋರತ್ರ ಯಾವ ವರ್ಷನ್ ಇತ್ತು?' ಎಂದು ಬಾಣ ಬಿಟ್ಟರು.

ಬಸ್ಸಿನಲ್ಲಿ ಕಲ್ಪಿಸಿಕೊಂಡಿದ್ದ ವಾದಗಳೆಲ್ಲ ನನಗೆ ಮರೆತುಹೋದವು. ಅದಕ್ಕೇ ನಿಜವಾದ ಉತ್ತರ ಬಂತು. 'ಅವರೆಲ್ಲ ಒಂದೇ ಕಲ್ಲಿನ ಮುಂದೆ ನಿಂತಿದ್ದರು ಸಾರ್. ಆನೆ ಕೆತ್ತುವವನಿಗೆ ಪಕ್ಕದ ಕುದುರೆ ಕಾಣುತ್ತಿತ್ತು. ನಮಗೆ ರಿಹಾನಾಳ ಪೈಪು ಕಾಣುತ್ತಿಲ್ಲ.'

ಹಾಗೆನ್ನುತ್ತಲೇ ನಾನು ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಹಿಂದಿನ ದಿನವೇ ಮಾಡೆಲ್ಲಿನ ಒಂದು ನಕಲನ್ನು ಹೊಸ ವರ್ಷನ್ನಿಗೆ ಏರಿಸಿ ತಂದಿದ್ದೆ. ಮಾದಪ್ಪನವರು ಕನ್ನಡಕ ಒರೆಸಿಕೊಂಡು, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವರಂತೆ ಒಂದೊಂದೇ ಕಂಬ, ಒಂದೊಂದೇ ತೊಲೆ ಪರೀಕ್ಷಿಸಿದರು. ಎಲ್ಲ ಇದ್ದಲ್ಲೇ ಇದ್ದವು. ಕೊನೆಗೆ ನಿಟ್ಟುಸಿರು ಬಿಟ್ಟು, ತಮ್ಮ ಕೆಲಸವನ್ನೆಲ್ಲ ಸೇರಿಸಿ, ಮಾಡೆಲ್ಲಿನಿಂದ ಹೊರಬಂದು, 'ಒತ್ತವ್ವ' ಎಂದರು.

ಒತ್ತಿದೆ. ಪರದೆಯಲ್ಲಿ ಹಸಿರು ಪಟ್ಟಿ ಅರ್ಧಕ್ಕೆ ಬಂದಿತ್ತು. ಫಕ್ಕನೆ ಕರೆಂಟು ಹೋಯಿತು. ಫ್ಯಾನು ನಿಂತಿತು, ಇಂಟರ್ನೆಟ್ಟು ಸತ್ತಿತು.

'ಓಯ್ತಲ್ಲವ್ವಾ, ಎಲ್ಲಾ ಓಯ್ತಲ್ಲಾ!' ಮಾದಪ್ಪನವರು ತಲೆಯ ಮೇಲೆ ಕೈ ಹೊತ್ತರು.

'ಇಲ್ಲ ಸಾರ್. ಕೆಲಸ ನಡೆಯುತ್ತಿರುವುದು ಇಲ್ಲಲ್ಲ, ಕ್ಲೌಡಿನಲ್ಲಿ. ನಮ್ಮ ಕರೆಂಟು ಅದಕ್ಕೆ ಬೇಡ' ಎಂದೆ ಧೈರ್ಯವಾಗಿ. ಪುಸ್ತಕದಲ್ಲಿ ಓದಿದ್ದಷ್ಟೇ, ಕಣ್ಣಾರೆ ಕಂಡದ್ದಲ್ಲ. ಇಬ್ಬರೂ ಬೀದಿಗಿಳಿದು ಟೀ ಕುಡಿದೆವು. ಟೀ ಹೇಗಿತ್ತೆಂದು ಇಬ್ಬರಿಗೂ ಗೊತ್ತಿಲ್ಲ.

ಕರೆಂಟು ಬಂದಾಗ ಮಾಡೆಲ್ ಹೊಸ ವರ್ಷನ್ನಿನಲ್ಲಿ ಸಿದ್ಧವಾಗಿ ನಿಂತಿತ್ತು. ನಾವಿಲ್ಲದೆಯೂ ಮುಗಿದ ಕೆಲಸ ಕಂಡು ನನಗೆ ಕುಣಿಯುವಷ್ಟು ಹಿಗ್ಗು. ಫೋನ್ ಮಾಡಿದ್ದೇ ರಿಹಾನಾ ಮೈಸೂರಿನಿಂದಲೇ ತನ್ನ ಪೈಪುಗಳನ್ನು ತಂದು ಸೇರಿಸಿದಳು. ಮೊದಲ ಸಲ ಮೂವರ ಕೆಲಸವೂ ಒಂದೇ ಕಟ್ಟಡದಲ್ಲಿ ಕಂಡಿತು. ಮಾದಪ್ಪನವರು ಮುಂದಕ್ಕೆ ಬಾಗಿದರು. ಬಚ್ಚಲುಮನೆಯ ದಪ್ಪ ಪೈಪೊಂದು ಅವರ ದೊಡ್ಡ ತೊಲೆಯ ನಡುಮಧ್ಯಕ್ಕೇ ನುಗ್ಗಿತ್ತು.

'ಏನವ್ವಾ ರಿಹಾನಾ, ನಿನ್ ಪೈಪು ನನ್ ತೊಲೆ ಒಟ್ಟೆಗೇ ತಿವ್ದದಲ್ಲಾ!' ಎಂದು ಫೋನಿನಲ್ಲಿ ಕೂಗಿದರು.

'ನಿಮ್ಮ ತೊಲೆ ನನ್ನ ಪೈಪಿಗೆ ಅಡ್ಡ ಬಂದಿದೆ ಸಾರ್' ಎಂದಳು ಅವಳು.

ಇಬ್ಬರೂ ನಗುತ್ತಲೇ ಜಗಳವಾಡಿದರು. ನಾನು ಒಂದು ಗೋಡೆ ಸರಿಸಿಕೊಟ್ಟೆ, ಅವಳು ಪೈಪು ತಿರುಗಿಸಿದಳು, ತೊಲೆ ಉಳಿಯಿತು. ಊಟದ ಹೊತ್ತಿಗೆ ಎಲ್ಲ ಸರಿಹೋಗಿತ್ತು.

ಸೋಮವಾರ ಕಾಂಕ್ರೀಟ್ ಬಿತ್ತು, ನೋಡಲು ನಾನೂ ಹೋಗಿದ್ದೆ. ಮಿಕ್ಸರಿನ ಗದ್ದಲದಲ್ಲಿ ಮಾದಪ್ಪನವರು ಕಂಟ್ರಾಕ್ಟರನ ಹೆಗಲ ಮೇಲೆ ಕೈಹಾಕಿ ಹೇಳುತ್ತಿದ್ದುದು ನನಗೆ ಕೇಳಿಸಿತು: 'ನಾನೇ ಏಳಿ ಒಸ ವರ್ಷನ್ಗೆ ಮಾಡಿಸ್ದೆ ಕಣಪ್ಪ. ಅಳೇದನ್ನೇ ಇಡ್ಕೊಂಡು ಕೂರೋರ್ನ ಕಂಡ್ರೆ ನಂಗಾಗಲ್ಲ.'

ತಿದ್ದಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಒಲ್ಲೆನೆಂದವರೇ ನಮ್ಮ ಗೆಲುವನ್ನು ತಮ್ಮದೆಂದು ಹೇಳಿಕೊಂಡು ಓಡಾಡುತ್ತಿದ್ದರೆ, ಅದಕ್ಕಿಂತ ಪೂರ್ತಿಯಾದ ಗೆಲುವು ಇನ್ನೇನಿದೆ ಹೇಳಿ?