ರವದಿಯೆಂದು ಸುಟ್ಟ ಕಡಲಕಳೆ

ಇದನ್ನು ಹೇಳುವುದನ್ನು ಬಹಳ ವರ್ಷ ಮುಂದೂಡಿದೆ. ಇಂದು ಹೇಳಿಯೇ ತೀರುತ್ತೇನೆ. ಮುಧೋಳದ ಹತ್ತಿರದ ಹೈಸ್ಕೂಲಿನಲ್ಲಿ ನಾನು ಜವಾನನಾಗಿದ್ದಾಗ ವಿಜ್ಞಾನ ಕಲಿಸುವ ಅಕ್ಕೋರೊಬ್ಬರಿದ್ದರು. ಕೈಯನ್ನು ತಲೆಯ ಮೇಲೆತ್ತಿ ಅಲೆಯಂತೆ ತೂಗುತ್ತ, "ಸಮುದ್ರದಾಗೂ ಅಡವಿ ಐತ್ರಿ ಕಾಕಾ. ಕಬ್ಬಿಗಿಂತ ಹತ್ತು ಪಟ್ಟು ಎತ್ತರ. ಬೇರಿಲ್ಲ, ಕಲ್ಲು ಗಟ್ಟಿ ಹಿಡಕೊಂಡು ನಿಲ್ಲತೈತಿ" ಎನ್ನುತ್ತಿದ್ದರು.

"ಹಂಗಾರ ಅಲ್ಲಿ ಸಕ್ಕರಿ ಫ್ಯಾಕ್ಟರಿ ಯಾವಾಗ ಚಾಲೂ ಆಗತೈತ್ರಿ?" ಎಂದು ನಾನು ನಗುತ್ತಿದ್ದೆ.

ಹಡಗಿನಲ್ಲಿ ಕೆಲಸ ಮಾಡುವ ಅವರ ಅಣ್ಣ ದೂರದ ತಂಪು ಸಮುದ್ರದಿಂದ ಅಂಥ ಕಡಲಕಳೆಯೊಂದನ್ನು ಒಣಗಿಸಿ ತಂದುಕೊಟ್ಟಿದ್ದರು. ಮಕ್ಕಳಿಗೆ ತೋರಿಸಲೆಂದು ಅಕ್ಕೋರು ಅದನ್ನು ಪಡಸಾಲೆಯಲ್ಲಿ ಬಿಡಿಸಿಟ್ಟರು. ಕಂದು ಬಣ್ಣದ ಉದ್ದುದ್ದ ಎಲೆ. ಪಕ್ಕದ ಹೊಲದಿಂದ ಹಾರಿಬಂದ ಕಬ್ಬಿನ ಒಣಗರಿ, ರವದಿಯೆಂದುಕೊಂಡು ನಾನು ಗುಡಿಸಿ ಬೆಂಕಿ ಹಚ್ಚಿದೆ. ಮೀನಿನ ವಾಸನೆ ಬಂದಾಗಲೇ ತಿಳಿಯಿತು.

ಹೆಡ್‌ಮಾಸ್ತರರು ಕೇಳಿದಾಗ "ಹುಡುಗರು ಒಯ್ದಿರಬೇಕ್ರಿ" ಎಂದೆ. ಇಡೀ ಹತ್ತನೇ ತರಗತಿ ಬಿಸಿಲಲ್ಲಿ ನಿಂತಿತು.

"ನನ್ನ ಹುಡುಗರು ಒಯ್ಯೂದಿಲ್ರಿ ಸರ್" ಎಂದು ಅಕ್ಕೋರೂ ಹೋಗಿ ಅವರ ಜೊತೆ ನಿಂತರು. ಎಲ್ಲರನ್ನೂ ಒಳಗೆ ಕರೆಯುವ ತನಕ ಕದಲಲಿಲ್ಲ.

ಆಮೇಲೆ ಸೀಮೆಸುಣ್ಣ ಹಿಡಿದು, ಆ ಕಳೆ ಸಮುದ್ರದಲ್ಲಿ ಬೆಳೆಯುವಷ್ಟೇ ಉದ್ದಕ್ಕೆ ಅದನ್ನು ನೆಲದ ಮೇಲೆ ಬರೆಯತೊಡಗಿದರು. ಅಳತೆಯ ಹಗ್ಗದ ತುದಿಯನ್ನು ನನಗೆ ಕೊಟ್ಟು, "ಗಟ್ಟಿ ಹಿಡೀರಿ ಕಾಕಾ, ಬಿಡಬ್ಯಾಡ್ರಿ" ಎಂದರು. ಪಡಸಾಲೆ ಮುಗಿದು ಅಂಗಳಕ್ಕಿಳಿದರೂ ಗೆರೆ ಮುಗಿಯಲಿಲ್ಲ. ಬೂದಿ ಅಂಟಿದ ಕೈಯಲ್ಲಿ ನಾನು ಹಗ್ಗದ ತುದಿ ಹಿಡಿದೇ ಇದ್ದೆ.

ಸುಟ್ಟವನು ನಾನು. ತಪ್ಪಾತ್ರಿ ಎಂದು ನಾನು ಎಂದೂ ಹೇಳದೆ ಉಳಿದದ್ದು ಆ ವಿಜ್ಞಾನದ ಅಕ್ಕೋರಿಗೆ.