ಬೆಂಡು ಕಟ್ಟಿಕೊಂಡ ಗಂಡಸು

ನನ್ನ ಬಾಯಿ ಮೊದಲಿನಿಂದಲೂ ಸಡಿಲ. ಇದನ್ನು ಮುಚ್ಚಿಟ್ಟುಕೊಂಡು ಮುಂದಿನದನ್ನು ಹೇಳಲು ಬರುವುದಿಲ್ಲ. ಎಪ್ಪತ್ತರ ದಶಕದ ಮಾತು. ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಕೃಷ್ಣೆಯ ದಂಡೆಗೆ ಅಂಟಿಕೊಂಡ ನಮ್ಮೂರಲ್ಲಿ ಹೊಳೆಯ ನೀರು ಅಳೆಯುವ ಒಂದು ಸಣ್ಣ ಆಫೀಸು ಇತ್ತು. ಅದರಲ್ಲಿ ನಾನು ಖಲಾಸಿ. ಅಂದರೆ ಬೋಟು ಜಗ್ಗುವುದು, ಹಗ್ಗ ಸುತ್ತುವುದು, ಸಾಹೇಬರ ಕೊಡೆ ಹಿಡಿಯುವುದು, ಹೇಳಿದ್ದೆಲ್ಲ ಮಾಡುವುದು. ವಯಸ್ಸು ಇಪ್ಪತ್ತೆರಡು. ಮೈತುಂಬ ಸೊಕ್ಕು.

ಹೊಳೆ ಕಿರಿದಾಗುವ ಜಾಗದಲ್ಲಿ ಈ ದಂಡೆಯಿಂದ ಆ ದಂಡೆಗೆ ಉಕ್ಕಿನ ತಂತಿಯ ಹಗ್ಗ ಬಿಗಿದಿದ್ದರು. ಬೋಟಿನ ಕೊಂಡಿಯನ್ನು ಆ ಹಗ್ಗಕ್ಕೆ ಸಿಕ್ಕಿಸಿ ಸ್ವಲ್ಪ ಸ್ವಲ್ಪವೇ ಮುಂದೆ ಸರಿಯಬೇಕು, ನಿಂತಲ್ಲೆಲ್ಲ ಒಂದು ಯಂತ್ರವನ್ನು ನೀರಿಗೆ ಬಿಡಬೇಕು. ಯಂತ್ರವೆಂದರೆ ಮೊಳದುದ್ದದ ಸೀಸದ ತುಂಡು, ಅದರ ಮೇಲೊಂದು ಸಣ್ಣ ಚಕ್ರ. ನೀರು ಓಡಿದಂತೆ ಚಕ್ರ ತಿರುಗುತ್ತದೆ, ತಿರುಗಿದಂತೆ ಕಿವಿಗೆ ಹಾಕಿಕೊಂಡ ಕೊಳವೆಯಲ್ಲಿ ಟಕ್ ಟಕ್ ಎಂದು ಕೇಳುತ್ತದೆ. ಗಡಿಯಾರ ನೋಡುತ್ತ ಆ ಸದ್ದನ್ನು ಎಣಿಸಿದರೆ ನೀರಿನ ವೇಗ ಸಿಕ್ಕಿತು. ರಾಟೆ ತಿರುಗಿಸಿ, ತಂತಿಗೆ ಕಟ್ಟಿದ ಯಂತ್ರ ಇಳಿಸುವವನು ನಾನು. ಸದ್ದು ಎಣಿಸುವವನು ನನ್ನ ಅಕ್ಕನ ಗಂಡ. ಬೋಟಿನ ಮೂತಿಯಲ್ಲಿ ಕೂತು ಕೊಂಡಿ ನೋಡಿಕೊಳ್ಳುವವನು ಒಬ್ಬ ಮುದುಕ ಅಂಬಿಗ. ಊರೆಲ್ಲ ಅವನನ್ನು ಕಾಕಾ ಎನ್ನುತ್ತಿತ್ತು. ಬೋಟಿನಲ್ಲಿ ನಾವು ಮೂವರೇ.

ನಮ್ಮ ಕಡೆ ಅಕ್ಕನ ಗಂಡನಿಗೂ ಮಾವ ಎಂದೇ ಕರೆಯುವುದು. ನಮ್ಮ ಮಾವ ಸಿಂದಗಿ ಕಡೆಯ ಎರೆಭೂಮಿಯವನು. ಅವನ ಊರಲ್ಲಿ ಕುಡಿಯುವ ನೀರಿಗೇ ಹರದಾರಿ ನಡೆಯಬೇಕು, ಇನ್ನು ಈಜುವುದೆಲ್ಲಿಂದ ಬಂತು? ಏಳನೇ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿದ್ದ. ಅಕ್ಷರ ಮುತ್ತು ಪೋಣಿಸಿದ ಹಾಗೆ. ಆ ಗುಣಕ್ಕೆ ಈ ಕೆಲಸ ಸಿಕ್ಕಿ, ನಮ್ಮ ಮನೆಯಲ್ಲೇ ಅಕ್ಕನ ಜೊತೆ ಬಂದು ಇದ್ದ. ಅಪ್ಪ ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಅಕ್ಕ. ಹಾಗಾಗಿ ಮೂವರಿಗೂ ಒಂದೇ ಒಲೆ.

ಬೋಟಿನ ಜೊತೆ ಆಫೀಸಿನವರು ಮೂರು ಬೆಂಡಿನ ಜಾಕೀಟು ಕೊಟ್ಟಿದ್ದರು. ದಪ್ಪ ಕ್ಯಾನ್ವಾಸು, ಒಳಗೆ ಬೆಂಡಿನ ತುಂಡು. ಹಾಕಿಕೊಂಡವನು ನೀರಿಗೆ ಬಿದ್ದರೂ ಮುಳುಗುವುದಿಲ್ಲ. ಕಾಕಾ ತನ್ನದನ್ನು ಕೂರುವ ಹಲಗೆಯ ಮೇಲೆ ಹಾಸಿಕೊಂಡಿದ್ದ. ನಾನು ನನ್ನದನ್ನು ಆಫೀಸಿನ ಮೂಲೆಯಲ್ಲಿ ತಲೆದಿಂಬು ಮಾಡಿಕೊಂಡಿದ್ದೆ. ಯಾಕೆಂದರೆ ನಮ್ಮೂರಲ್ಲಿ ಬೆಂಡು ಕಟ್ಟಿಕೊಳ್ಳುವವರು ಮಕ್ಕಳು. ಬಾವಿಯಲ್ಲಿ ಈಜು ಕಲಿಯುವಾಗ ಅಪ್ಪಂದಿರು ನಮ್ಮ ಬೆನ್ನಿಗೆ ಹಾಲವಾಣದ ಬೆಂಡು ಕಟ್ಟಿ ಮೇಲಿನಿಂದ ನೂಕುತ್ತಿದ್ದರು. ಎಂಟು ದಿನಕ್ಕೆ ಬೆಂಡು ಬಿಚ್ಚಿ ಎಸೆದವನು ಹುಲಿ. ತಿಂಗಳಾದರೂ ಬಿಚ್ಚದವನನ್ನು ಓಣಿಯ ಹುಡುಗಿಯರೂ ಕಾಡಿಸುತ್ತಿದ್ದರು. ಮೀಸೆ ಬಂದ ಮೇಲೆ ಯಾವ ಗಂಡಸು ಬೆಂಡು ಕಟ್ಟಿಕೊಂಡು ಹೊಳೆಗೆ ಇಳಿದಾನು?

ಮಾವ ಇಳಿಯುತ್ತಿದ್ದ. ದಿನಾ ತಪ್ಪದೆ, ಕೊರಳವರೆಗೂ ಲಾಡಿ ಬಿಗಿದುಕೊಂಡು. ಅವನ ಜಾಕೀಟಿನ ಒಂದು ಲಾಡಿ ಹರಿದಿತ್ತು. ಅಕ್ಕ ಅದನ್ನು ಕೌದಿ ಹೊಲಿಯುವ ಕೆಂಪು ದಾರದಿಂದ ದಪ್ಪಗೆ ಹೊಲಿದು, "ಇದನ್ನ ಹಾಕ್ಕೊಂಡ್ರ ಮಾತ್ರ ಹೊಳಿಗೆ ಹೋಗ್ರಿ, ಇಲ್ಲಂದ್ರ ಸಿಂದಗಿಗೆ ನಡೀರಿ, ಕೂಲಿ ಮಾಡಿ ತಿನ್ನೋಣು" ಎಂದು ಆಣೆ ಹಾಕಿಸಿಕೊಂಡಿದ್ದಳು. ಬೋಟಿನ ತಳದಲ್ಲಿ ಯಾವಾಗಲೂ ಗೇಣು ನೀರು, ಎದೆಗೆ ಸಿಡಿಯುವ ಅಲೆ, ಮೇಲೆ ಬಿಸಿಲಿನ ಬೆವರು. ಸಂಜೆಗೆ ಜಾಕೀಟು ಹಿಂಡಿದರೆ ನೀರು ಸುರಿಯುತ್ತಿತ್ತು. ಮಾವ ಅದನ್ನು ಹೆಗಲ ಮೇಲೆ ಹಾಕಿಕೊಂಡು ಮನೆಗೆ ತರುವನು, ಅಕ್ಕ ಒಲೆಯ ಮೇಲಿನ ಹಗ್ಗಕ್ಕೆ ಒಣಹಾಕುವಳು. ದಿನದ ಪದ್ಧತಿ ಇದು.

ಆ ಶ್ರಾವಣದಲ್ಲಿ ಹೊಳೆ ಬಂತು. ನಮ್ಮಲ್ಲಿ ಒಂದು ಹನಿ ಮಳೆ ಇಲ್ಲ, ಆಕಾಶ ತೊಳೆದಿಟ್ಟ ಹಾಗೆ. ಆದರೆ ಮೇಲೆ ಘಟ್ಟದಲ್ಲಿ ಸುರಿದದ್ದು ಇಲ್ಲಿ ಕೆಂಪಗೆ, ಸದ್ದು ಮಾಡುತ್ತ ಇಳಿಯುತ್ತಿತ್ತು. ಚಹಾದಂಗಡಿಯಲ್ಲಿ ಜನ ಕೂಡಿದ್ದರು. ಯಾರೋ ಮಾವನನ್ನು, "ನಾಳೆ ಬೋಟು ಬಿಡ್ತೀರೇನ್ರಿ?" ಎಂದು ಕೇಳಿದರು. ಅವನು ಬಾಯಿ ತೆರೆಯುವ ಮೊದಲೇ ನಾನು ತೆರೆದೆ.

"ಯಾಕ ಬಿಡೂದಿಲ್ರಿ? ನಮ್ಮ ಮಾವಗ ಏನ್ ಅಂಜಿಕಿ? ಬೆನ್ನಿಗೆ ಬೆಂಡು ಐತಿ, ಅದಕ್ಕ ಹೇಣ್ತಿ ಹೊಲಿದ ಲಾಡಿ ಐತಿ. ಇನ್ನ ಒಂದು ಹಾಲಿನ ಬಾಟ್ಲಿ ಕಟ್ಟಿ ಕಳಿಸಿಬಿಟ್ರ ತೊಟ್ಲದ ಕೂಸು!"

ಅಂಗಡಿಗೆ ಅಂಗಡಿಯೇ ನಕ್ಕಿತು. ಒಬ್ಬನಂತೂ ಜೋಗುಳ ಹಾಡುವಂತೆ ಕೈಯಾಡಿಸಿದ. ಮಾವನೂ ನಕ್ಕ, ಆದರೆ ಕಪ್ಪಿನೊಳಗೆ ನೋಡುತ್ತ ನಕ್ಕ. ನನಗೆ ಅದು ಕಾಣಿಸಿತು. ಕಂಡರೂ ಇನ್ನೊಂದು ಮಾತು ಸೇರಿಸಿದೆ, ಅದನ್ನು ಇಲ್ಲಿ ಬರೆಯಲು ಕೈ ಏಳುವುದಿಲ್ಲ.

ಮರುದಿನ ಬೆಳಿಗ್ಗೆ ಮಾವ ಧೋತರ ಬಿಚ್ಚಿ ಖಾಕಿ ಚಡ್ಡಿ ಹಾಕಿಕೊಂಡ. ಧೋತರವನ್ನು ದಂಡೆಯ ಬೇವಿನ ಗಿಡದ ಟೊಂಗೆಗೆ ಹಾಕಿದ. ಅದರ ಮೇಲೆ ಜಾಕೀಟನ್ನೂ ಇಟ್ಟ. ಬರಿಯ ಅಂಗಿಯಲ್ಲಿ ಬೋಟು ಹತ್ತಿದ. ಕಾಕಾ ಕೊಂಡಿಯ ಗಡಿಬಿಡಿಯಲ್ಲಿದ್ದ, ನೋಡಲಿಲ್ಲ. ನಾನು ನೋಡಿದೆ. ಒಂದು ಮಾತು, "ಮಾವಾ, ಅದನ್ನ ಹಾಕ್ಕೋರಿ" ಅಂದಿದ್ದರೆ ಮುಗಿದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂದರೆ, ಅಯ್ಯೋ ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಗೆದ್ದೆ ಅಂತ ಒಳಗೊಳಗೇ ಹಿಗ್ಗಿದೆ.

ನಡುಹೊಳೆಗೆ ಬರುವ ಹೊತ್ತಿಗೆ ಹಿಗ್ಗು ಇಳಿದಿತ್ತು. ನೀರು ಬೋಟಿನ ಪಕ್ಕಕ್ಕೆ ಬಡಿದು ಏಳುತ್ತಿತ್ತು, ತಂತಿಯ ಹಗ್ಗ ಗುಂಯ್ ಎನ್ನುತ್ತಿತ್ತು. ಕೆಳಗೆ ಅರ್ಧ ಮೈಲಿಯಲ್ಲಿ ಹಾಸುಗಲ್ಲುಗಳ ಸಾಲು. ಬೇಸಿಗೆಯಲ್ಲಿ ಹೆಂಗಸರು ಅಲ್ಲಿ ಬಟ್ಟೆ ಒಗೆಯುತ್ತಾರೆ, ಹೊಳೆ ಬಂದಾಗ ಅಲ್ಲಿ ನೀರು ಕುದಿಯುತ್ತದೆ. ಅದರೊಳಗೆ ಹೋದ ಎಮ್ಮೆ ಕೂಡ ಹೊರಗೆ ಬಂದಿಲ್ಲ. ನಾನು ಯಂತ್ರ ಇಳಿಸಿದೆ. ಮಾವ ಕಿವಿಗೆ ಕೊಳವೆ ಹಾಕಿಕೊಂಡು ಎಣಿಸತೊಡಗಿದ. ತಿರುಗಿ ಹೋಗೋಣ ಎಂದು ಹೇಳಲು ಎರಡು ಸಲ ನಾಲಿಗೆಯ ತುದಿಗೆ ಬಂತು. ಎರಡು ಸಲವೂ ನುಂಗಿದೆ.

"ಗಿಡಾ ಬಂತು! ಎತ್ತೋ, ಯಂತ್ರ ಎತ್ತೋ!" ಕಾಕಾ ಚೀರಿದ.

ಬೇರುಸಮೇತ ಕಿತ್ತುಬಂದ ದೊಡ್ಡ ಜಾಲಿಗಿಡ, ನೇರ ನಮ್ಮ ಕಡೆಗೇ. ನಾನು ರಾಟೆ ತಿರುಗಿಸುವಷ್ಟರಲ್ಲಿ ಅದರ ಟೊಂಗೆ ಯಂತ್ರದ ತಂತಿಗೆ ಸಿಕ್ಕಿತು. ಬೋಟು ಒಂದು ಮಗ್ಗಲಿಗೆ ವಾಲಿತು. ನೀರು ಒಳಗೆ ಬರತೊಡಗಿತು. ಮಾವ ಎದ್ದು ನಿಂತು ಟೊಂಗೆಯನ್ನು ಕಾಲಿನಿಂದ ಒದ್ದ. ಬೋಟಿನಲ್ಲಿ ಎದ್ದು ನಿಲ್ಲಬಾರದು ಎಂದು ಕಾಕಾ ನೂರು ಸಲ ಹೇಳಿದ್ದ. ಆದರೆ ಬೋಟು ಮಗುಚುತ್ತಿದೆ, ಒಳಗೆ ನಾವಿಬ್ಬರು ಇದ್ದೇವೆ, ಅವನಿಗೆ ಅಷ್ಟೇ ಕಂಡಿರಬೇಕು. ಟೊಂಗೆ ಬಿಟ್ಟಿತು. ಬೋಟು ರಪ್ಪನೆ ನೆಟ್ಟಗಾಯಿತು. ಮಾವ ಇರಲಿಲ್ಲ.

ನಾನು ಅಂಗಿ ಕಿತ್ತು ಹಾರಲು ಹೋದೆ. ಕಾಕಾ ನನ್ನ ಕಾಲು ಹಿಡಿದು ಕೆಡವಿ, ಕಪಾಳಕ್ಕೆ ಒಂದು ಕೊಟ್ಟ.

"ಬಾವ್ಯಾಗ ಈಜಿದ ಮಗನ, ಇಲ್ಲಿ ನಾಕು ಕೈ ಹಾಕಿದ್ರ ಕಾಲಿಗೆ ಪಾವಟಿಗಿ ಸಿಗತಾವು ಅಂತ ತಿಳದೀ ಏನ? ನೀನೂ ಬಿದ್ರ ಎರಡು ಹೆಣಾ ಹುಡುಕ್ಬೇಕು. ಬೆಂಡು ಒಗಿ ಅಂವಗ, ಬೆಂಡು!"

ಬೆಂಡು ಎಲ್ಲಿದೆ? ಒಂದು ಬೇವಿನ ಗಿಡದಲ್ಲಿ, ಇನ್ನೊಂದು ಆಫೀಸಿನ ಮೂಲೆಯಲ್ಲಿ. ಕಾಕಾನ ಕುಂಡಿಯ ಕೆಳಗಿನದು ಬೋಟು ವಾಲಿದಾಗಲೇ ಹೊಳೆಯ ಪಾಲಾಗಿತ್ತು. ಆಗ ಕಾಕಾ ಬೋಟಿನಲ್ಲಿಟ್ಟಿದ್ದ ಕೊಡಲಿ ಎತ್ತಿ ಯಂತ್ರದ ತಂತಿಯನ್ನು ಕಡಿದ. ಕೊಂಡಿಯ ಕೀಲು ಹೊಡೆದು ಹಾರಿಸಿದ. ದಂಡೆಯ ಮೇಲೆ ಸಾಹೇಬರು ಯಂತ್ರ, ಯಂತ್ರ ಎಂದು ಬಾಯಿ ಬಡಿದುಕೊಳ್ಳುತ್ತಿದ್ದರು. ಬೋಟು ಹಗ್ಗ ಬಿಟ್ಟು ಹೊಳೆಯ ಕೈಗೆ ಸಿಕ್ಕಿತು, ಮಾವ ಹೋಗುವ ದಾರಿಯಲ್ಲೇ ಓಡಿತು.

"ಅಗಾ ಅಲ್ಲಿ! ಹುಟ್ಟು ಹಾಕು!"

ಅವನು ಜಾಲಿಗಿಡವನ್ನು ಅಪ್ಪಿಕೊಂಡಿದ್ದ. ಅವನನ್ನು ನೀರಿಗೆ ಕೆಡವಿದ ಗಿಡವೇ ಈಗ ಹಿಡಿದುಕೊಂಡಿತ್ತು. ಆದರೆ ಗಿಡ ನೀರಲ್ಲಿ ಉರುಳುತ್ತಿತ್ತು. ಒಂದೊಂದು ಉರುಳಿಗೂ ಮಾವ ಕೆಳಗೆ ಹೋಗುವನು, ನಾನು ಉಸಿರು ಹಿಡಿಯುವೆನು, ಅವನು ಮೇಲೆ ಬಂದಾಗ ಬಿಡುವೆನು. ಮುಂದೆ ಹಾಸುಗಲ್ಲಿನ ಸದ್ದು ಕೇಳಿಸತೊಡಗಿತು. ರಟ್ಟೆ ಕಿತ್ತುಹೋಗಲಿ ಎಂದು ಹುಟ್ಟು ಹಾಕಿದೆ. ಅವ್ವನನ್ನು ಕರೆದೆ, ಗಂಗವ್ವನನ್ನು ಕರೆದೆ, ಅಕ್ಕನನ್ನೂ ಕರೆದೆನಂತೆ. ಕಾಕಾ ಆಮೇಲೆ ಹೇಳಿದ.

ಬೋಟು ಗಿಡಕ್ಕೆ ತಾಗಿತು. ಕಾಕಾ ತಲೆಯ ರುಮಾಲು ಬಿಚ್ಚಿ ಅದರ ತುದಿಯನ್ನು ಎಸೆದ. ಅದು ಮಾವನ ಹೆಗಲ ಮೇಲೇ ಬಿತ್ತು.

"ಮಾವಾ, ಗಿಡಾ ಬಿಡ್ರಿ! ಅರಿವಿ ಹಿಡೀರಿ!"

ಅವನು ನನ್ನನ್ನು ನೋಡಿದ. ಕಣ್ಣು ಕೇಳಿಸಿಕೊಂಡವು, ಕೈ ಕೇಳಿಸಿಕೊಳ್ಳಲಿಲ್ಲ.

"ಮುಳ್ಳು ನಟ್ಟಾವೋ. ಅಂವಗ ಕೈ ಬಿಚ್ಚಾಕ ಬರೂದಿಲ್ಲ" ಎಂದ ಕಾಕಾ. ರುಮಾಲು ಎಳೆದುಕೊಂಡು ಒಂದು ತುದಿಯನ್ನು ನನ್ನ ಸೊಂಟಕ್ಕೆ ಕಟ್ಟಿದ, ಇನ್ನೊಂದನ್ನು ಹಲಗೆಗೆ ಬಿಗಿದ. ನಾನು ಎದೆಮಟ್ಟ ಹೊರಗೆ ಬಾಗಿದೆ. ಗಿಡ ಮತ್ತೆ ಉರುಳಿತು. ಮಾವನ ಮುಖ ಕೆಂಪು ನೀರಿನೊಳಗೆ ಹೋಯಿತು. ಈ ಸಲ ಬೇಗ ಬರಲಿಲ್ಲ. ನಾನು ಕುರುಡನಂತೆ ಕೈಯಾಡಿಸಿದೆ. ಅಂಗಿ ಸಿಕ್ಕಿತು, ಹರಿಯಿತು. ಚಡ್ಡಿಯ ಮೇಲೆ ಉಡದಾರ ಸಿಕ್ಕಿತು. ಕರಿ ದಾರದ ಉಡದಾರ, ಅಕ್ಕನೇ ಹೊಸೆದದ್ದು. ಅದಕ್ಕೆ ಬೆರಳು ಸುತ್ತಿ, ಹಲ್ಲು ಕಚ್ಚಿ ಎಳೆದೆ. ಅಂಗೈಯ ಮುಳ್ಳುಗಳು ಮುರಿದವೋ ಮಾಂಸ ಹರಿಯಿತೋ, ಮಾವ ಗಿಡ ಬಿಟ್ಟು ನನ್ನ ಮೇಲೇ ಬಂದು ಬಿದ್ದ. ಕಾಕಾ ಬೋಟನ್ನು ದಂಡೆಯ ಕಡೆಗೆ ತಿರುಗಿಸಿದ. ನಮ್ಮ ಕಣ್ಣೆದುರೇ ಜಾಲಿಗಿಡ ಹಾಸುಗಲ್ಲಿಗೆ ಬಡಿದು ಎರಡಾಯಿತು.

ಬೋಟಿನ ತಳದಲ್ಲಿ ಮಾವ ಕೆಂಪು ನೀರು ಕಾರಿದ. ಕಾರಿ ಮುಗಿಸಿ ಅಂದ.

"ಎಣಿಕಿ ತಪ್ಪಿತಲ್ಲೋ ತಮ್ಮಾ."

ನಾನು ಅವನ ಕಾಲು ಹಿಡಿದುಕೊಂಡು ಹೋ ಎಂದು ಅತ್ತೆ. ಕಾಕಾ ಬೇರೆ ಕಡೆ ಮುಖ ಮಾಡಿಕೊಂಡು ಕೂತ.

ಮಧ್ಯಾಹ್ನವೆಲ್ಲ ಬೇವಿನ ಗಿಡದ ಕೆಳಗೆ ಕಳೆದೆವು. ಕಾಕಾ ಮಾವನ ಅಂಗೈಯಿಂದ ಒಂದೊಂದೇ ಮುಳ್ಳು ತೆಗೆದು, ಅರಿಶಿನ ಒತ್ತಿ ಅರಿವೆ ಸುತ್ತಿದ. "ನಿಮ್ಮ ಅಕ್ಕಗ ಹೇಳಬ್ಯಾಡ. ನಾಳಿಂದ ಹೊಳಿ ಕೆಲಸ ಬಿಡಸ್ತಾಳ" ಎಂದ ಮಾವ. ಇಬ್ಬರೂ ಕೂತು ಸುಳ್ಳು ಹೆಣೆದೆವು. ಹೊಳೆಯ ಕೆಲಸ ಎಂದಿನಂತೆ ಮುಗಿಯಿತು, ಆಮೇಲೆ ಆಫೀಸಿನ ಬೇಲಿಗೆ ಜಾಲಿ ಕಡಿಯುವಾಗ ಮುಳ್ಳು ಚುಚ್ಚಿದವು, ಅಂಗಿ ಹರಿಯಿತು. ತಲೆಯನ್ನು ಬಿಸಿಲಿಗೆ ಒಣಗಿಸಿದೆವು, ಕಿವಿಯೊಳಗಿನ ರಾಡಿಯನ್ನೂ ಒರೆಸಿದೆವು. ಮಾವ ಒಣ ಧೋತರ ಉಟ್ಟು, ಎಂದಿನಂತೆ ಜಾಕೀಟನ್ನು ಹೆಗಲಿಗೆ ಹಾಕಿಕೊಂಡ. ಸುಳ್ಳಿಗೆ ಎಲ್ಲಿಯೂ ತೂತಿಲ್ಲ ಎಂದುಕೊಂಡೆ.

ದೀಪ ಹಚ್ಚುವ ಹೊತ್ತು. ಅಕ್ಕ ಗಂಡನ ಕೈ ನೋಡಿ ಲೊಚಗುಟ್ಟಿದಳು, ಬೇಲಿಯ ಕಥೆ ಕೇಳಿ ತಲೆಯಾಡಿಸಿದಳು. ನಾನು ಉಸಿರು ಬಿಟ್ಟೆ. ಅವಳು ಜಾಕೀಟು ತೆಗೆದುಕೊಂಡು ಒಲೆಯ ಕಡೆ ಹೋದಳು. ಹಗ್ಗಕ್ಕೆ ಹಾಕಲು ಕೈ ಎತ್ತಿದವಳು ಹಾಗೇ ನಿಂತಳು. ಜಾಕೀಟನ್ನು ಹಿಂಡಿದಳು. ತಿರುವಿ ಇನ್ನೊಮ್ಮೆ ಹಿಂಡಿದಳು. ತಾನು ಹೊಲಿದ ಕೆಂಪು ದಾರವನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಒಂದು ಹನಿ ನೀರಿರಲಿಲ್ಲ.

ಗಂಡನನ್ನು ಅವಳು ಏನೂ ಕೇಳಲಿಲ್ಲ. ನನ್ನ ಕಡೆ ತಿರುಗಿದಳು.

"ತಮ್ಮಾ, ನೀ ಏನಂದಿ ಇವರಿಗೆ?"

"ಅಂವ ಏನೂ ಅಂದಿಲ್ಲ. ಸೆಕಿ ಆತಂತ ನಾನ ತಗದಿಟ್ಟಿದ್ದೆ" ಎಂದ ಮಾವ, ಅರಿವೆ ಸುತ್ತಿದ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು. ಆ ಮಾತು ಕೇಳಿದ ಮೇಲೆ ನನಗೆ ಸುಳ್ಳಾಡಲು ಆಗಲಿಲ್ಲ. ಚಹಾದಂಗಡಿಯಲ್ಲಿ ಅಂದದ್ದನ್ನು ಅಂದ ಹಾಗೇ ಹೇಳಿದೆ. ಹಾಲಿನ ಬಾಟ್ಲಿಯನ್ನೂ ಹೇಳಿದೆ, ಅದರ ಮೇಲೆ ಸೇರಿಸಿದ್ದನ್ನೂ ಹೇಳಿದೆ. ಹೊಳೆಯನ್ನೂ ಹೇಳಿದೆ.

ಅಕ್ಕ ಬೈಯಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ. ಒಂದೇ ತಾಟು ಹಚ್ಚಿ, ಒಬ್ಬರಿಗಷ್ಟೇ ಬಡಿಸಿ ತಂದಳು. ಗಂಡನ ಮುಂದೆ ಕೂತು, ರೊಟ್ಟಿ ಮುರಿದು ಪಲ್ಯ ಹಚ್ಚಿ ಅವನ ಬಾಯಿಗೆ ಇಡತೊಡಗಿದಳು. ನನ್ನನ್ನು ಸಾಕಲು ತೊಡಗಿದಾಗಿನಿಂದ ಅವಳು "ಏಳು, ಉಣ್ಣು" ಅನ್ನದ ಸಂಜೆ ಅದೊಂದೇ.

"ನಿನ್ನ ಜಾಕೀಟ ಎಲ್ಲೈತಿ?" ನನ್ನ ಕಡೆ ನೋಡದೆ ಕೇಳಿದಳು.

"ಆಫೀಸಿನ್ಯಾಗ."

"ನಾಳಿ ಸಂಜಿಗೆ ಅದನ್ನ ತೊಯ್ಸಿಕೊಂಡು ಬಾ. ಹಿಂಡಿ ನೋಡಿದ ಮ್ಯಾಲ ನಿನ್ನ ತಾಟು ಹಚ್ಚತೇನಿ."

ಆ ದಿನ ನಾನು ಉಪವಾಸ ಮಲಗಿದೆ. ಮರುದಿನ ಚಹಾದಂಗಡಿಯ ಮುಂದೆ, ಎಲ್ಲರೂ ನೋಡುತ್ತಿರುವಾಗ, ಕೊರಳವರೆಗೂ ಲಾಡಿ ಬಿಗಿದುಕೊಂಡು, ಕೆಳಗೆ ಬಿಟ್ಟು ಬಂದಿದ್ದ ಬೋಟನ್ನು ಜಗ್ಗಿ ತರಲು ಮಾವನ ಹಿಂದೆ ಹೊಳೆಗೆ ನಡೆದೆ. ಯಾರೋ ನಕ್ಕರು. ನನಗೆ ಸಂಜೆಯ ಊಟದ್ದೇ ಚಿಂತೆ ಇತ್ತು.